ತಂಡದ ಕೊನೆಯವನು

ಗೆಳೆಯರೇ, ಇವತ್ತು ಮಧ್ಯಾಹ್ನ ಕಡೂರಿನ ನಮ್ಮ ಮನೆಯಲ್ಲಿ ಒಬ್ಬ ಆದಿಮಾನವನಿಗಾಗಿ ಜಗಳವಾಯಿತು. ನಾನೂ ಗೆಳೆಯ ನಯಾಜನೂ ಆಡುವ ವಿಡಿಯೊ ಗೇಮಿನ ತಂಡದಲ್ಲಿ ಅವನೂ ಒಬ್ಬ. ಕೈಯಲ್ಲಿ ಕತ್ತಿಯಿಲ್ಲ, ಮಾತು ಬಾರದು, ಎಲ್ಲರಿಗಿಂತ ಹಿಂದೆ ನಡೆಯುತ್ತಾನೆ.

"ಲೇ, ಅವನ್ನ ತೆಗ್ದಾಕೋ, ದಂಡ," ಅಂದ ನಯಾಜ್.

ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಜೀವನವಿಡೀ ದನ ಕಾದ ನಮ್ಮ ದೊಡ್ಡಪ್ಪ ಪಕ್ಕದಲ್ಲೇ ಕೂತು ನೋಡುತ್ತಿದ್ದರು. "ಬೇಡ ಕಣಪ್ಪಾ. ದನ ಕಾಯೋನು ಹಿಂದೇ ಇರ್ತಾನೆ. ಮುಂದೆ ಹೋದ್ರೆ ಬಿದ್ದ ಕರ ಕಾಣಲ್ಲ. ಏನವನ ಹೆಸರು?"

"ಹೆಸರಿಲ್ಲ ದೊಡ್ಡಪ್ಪ, ಬರೀ ಕಾಡುಮನುಷ್ಯ ಅಂತಿದೆ," ಅಂದೆ.

"ಹೆಸರಿರ್ತದೆ. ಯಾರೂ ಕೇಳಿರಲ್ಲ."

ಅವನು ತಂಡದಲ್ಲೇ ಇರಲಿ ಅಂದ ನಯಾಜ್. ನಾನು ಮೆಲ್ಲಗೆ ಫೋನ್ ತೆಗೆದೆ. ಅದರಲ್ಲಿ ದೊಡ್ಡಪ್ಪನ ನಂಬರು 'ದನದ ದೊಡ್ಡಪ್ಪ' ಎಂದು ಸೇವ್ ಆಗಿತ್ತು. ತಿದ್ದಲು ಹೋದೆ. ಪೂರ್ತಿ ಹೆಸರಿಗೆ ಅಮ್ಮನನ್ನು ಕೇಳಬೇಕಾಯಿತು.