ಮಾನಪ್ಪನ ಎರಡು ವರ್ಷ

ತುರ್ವಿಹಾಳದ ಮಾನಪ್ಪನಿಗೆ ವಿಮಾನ ಎಂದರೆ ಸೊಂಟನೋವು. ಇಪ್ಪತ್ತಾರು ವರ್ಷ ಅವನು ಒಂದು ದ್ವೀಪದೇಶದ ಸರಕಾರಿ ವಿಮಾನ ಕಂಪನಿಯಲ್ಲಿ ಸಾಮಾನು ಹೊತ್ತಿದ್ದಾನೆ. ದೇಶವೇನು ದೇಶ! ನಮ್ಮ ಸಿಂಧನೂರು ತಾಲೂಕಿನ ಅರ್ಧವೂ ಇಲ್ಲ. ಅವನು ಸೇರಿದಾಗ ಕಂಪನಿಗೆ ಇದ್ದದ್ದು ಹತ್ತೊಂಬತ್ತು ಸೀಟಿನ ಒಂದೇ ವಿಮಾನ. ಮೀನಿನ ಪೆಟ್ಟಿಗೆ, ಟಪಾಲಿನ ಚೀಲ, ಕೊನೆಗೆ ಮಂದಿಯನ್ನೂ ತೂಗಿಯೇ ಹತ್ತಿಸುತ್ತಿದ್ದರು.

ಒಂದಿದ್ದ ವಿಮಾನ ಮೂರಾಯಿತು, ಮೂರಿದ್ದದ್ದು ಏಳಾಯಿತು. ಮುಂದಿನ ವರ್ಷ ದೊಡ್ಡ ವಿಮಾನ ಬಂದು ನೇರ ಹೈದರಾಬಾದಿಗೆ ಹಾರಲಿದೆ. ಆ ಮೊದಲ ಹಾರಾಟದಲ್ಲಿ, ಆಗ ಕೆಲಸದಲ್ಲಿರುವ ಹಳೆಯ ಹಮಾಲರನ್ನು ಪ್ರಯಾಣಿಕರಂತೆ ಕೂರಿಸಿ ಕರೆತರುವುದಾಗಿ ಕಂಪನಿ ಹೇಳಿತ್ತು. ಮಾನಪ್ಪನಿಗೆ ಬದುಕಿನಲ್ಲಿ ಬೇಕಿದ್ದದ್ದು ಅದೊಂದೇ. ಆದರೆ ಕಾಗದದ ಪ್ರಕಾರ ಈ ಜೂನಿಗೇ ಅವನಿಗೆ ಅರವತ್ತು, ಕೆಲಸ ಮುಗಿಯಿತು. ನಿಜದಲ್ಲಿ ಐವತ್ತೆಂಟು. ಹುಟ್ಟಿದ ತಾರೀಖು ತಿದ್ದಿಸಲೆಂದು ರಜೆ ಹಾಕಿ ಬಂದು, ತಾಯಿ ಪೀರಮ್ಮನನ್ನು ಸಾಕ್ಷಿಗೆ ಕರೆದುಕೊಂಡು ತಾನು ಓದಿದ ಶಾಲೆಗೆ ಅರ್ಜಿ ಹಿಡಿದು ನಾಲ್ಕನೆಯ ಸಲ ಹೋದ.

ಮುಖ್ಯೋಪಾಧ್ಯಾಯಿನಿ ಪದ್ಮಾವತಿ ಹಳೆಯ ದಾಖಲಾತಿ ಪುಸ್ತಕ ತೆಗೆದರು. "ಈ ತಾರೀಖು ಯಾರು ಬರೆಸ್ಯಾರ್ರೀ?"

"ನಾನ ರೀ," ಎಂದಳು ಪೀರಮ್ಮ. "ತಲಿ ಮ್ಯಾಲಿಂದ ಕೈ ಹಾಕಿ ಆಚಿ ಕಿವಿ ಮುಟ್ಟಿದ್ರ ಆರು ವರ್ಷ ಆಗ್ಯಾವು ಅಂತಿದ್ರು ಮಾಸ್ತರು. ಇವನ ಕೈ ಉದ್ದ, ನಾಕಕ್ಕ ಮುಟ್ಟಿಬಿಟ್ಟ! ನಾ ನಾಟಿ ಹಚ್ಚಾಕ ಹೋಗಬೇಕಿತ್ತು, ಕೂಸಿನ್ನ ನೋಡಾಕ ಯಾರೂ ಇದ್ದಿದ್ದಿಲ್ಲ. ಆರೇ ಬರಕೋರಿ ಅಂದೆ."

"ನಮಗ ತಿದ್ದಾಕ ಬರಂಗಿಲ್ರೀ. ಕೋರ್ಟಿಗೆ ಹೋಗ್ರಿ. ಅಲ್ಲೂ ಎರಡು ವರ್ಷ ಹಿಡೀತೈತಿ."

ಮಾನಪ್ಪ ಹೊರಗೆ ಬಂದು ಬೇವಿನ ಕಟ್ಟೆಯ ಮೇಲೆ ಕೂತ. ತಾಯಿಯ ಮೇಲೆ ಸಿಟ್ಟು ಉಕ್ಕಿ ಬಂತು.

"ಎಂಥಾ ಕೆಲಸ ಮಾಡಿದಿ ಬೇ ಯವ್ವಾ! ಎರಡು ವರ್ಷ ನುಂಗಿಬಿಟ್ಟೆಲ್ಲ."

ಪೀರಮ್ಮ ಅವನ ಪಕ್ಕದಲ್ಲಿ ಮೆಲ್ಲಗೆ ಕೂತಳು. "ಹೌದಪ್ಪಾ, ನಂದ ತಪ್ಪು. ಆದ್ರ ಇಪ್ಪತ್ತಾರು ವರ್ಷದಾಗ ನೀ ನನ್ನ ಕಣ್ಣಮುಂದ ಇದ್ದದ್ದು ಎಲ್ಲಾ ಕೂಡಿಸಿದ್ರೂ ಎರಡು ವರ್ಷ ಆಗಂಗಿಲ್ಲ. ನಾ ಇನ್ನೆಷ್ಟು ದಿನ ಇರ್ತೀನಿ? ಆ ಎರಡು ವರ್ಷ ನನಗ ಕೊಡೋ, ಮಾನ್ಯಾ."

ಮಾನಪ್ಪ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ತಾಯಿಯ ಕೈಗಿಟ್ಟ.