ಮಾರಬಾರದ ಮಜ್ಜಿಗೆ

ಎಂಬತ್ತರ ದಶಕದ ಒಂದು ಬೇಸಿಗೆ. ನ್ಯಾಮತಿ ಹತ್ತಿರದ ಹಳ್ಳಿಯ ಮಹಿಳಾ ಮಂಡಳಿಗೆ ಹೊಲಿಗೆ ಮಷೀನು ಕೊಳ್ಳುವ ಆಸೆ. ಅದಕ್ಕೆ ದಾರಿ ತೋರಿಸುವುದು ನನ್ನ ಹೊಸ ಕೆಲಸ. ನನ್ನ ಕಾನ್ವೆಂಟ್ ಕನ್ನಡದಲ್ಲಿ ತಡವರಿಸುತ್ತ, "ಬಸ್‌ಸ್ಟ್ಯಾಂಡಿನಲ್ಲಿ ಮಜ್ಜಿಗೆ ಮಾರಿ" ಎಂದೆ.

"ಹಾಲು ಮಾರ್ತೀವಿ, ಬೆಣ್ಣೆ ಮಾರ್ತೀವಿ ನೋಡವ್ವಾ," ಅಂದರು ಎಲ್ಲರಿಗೂ ಹಿರಿಯರಾದ ಗಂಗಮ್ಮ. "ಮಜ್ಜಿಗೆ ಮಾತ್ರ ಕೇಳಿದೋರಿಗೆ ಸುಮ್ನೆ ಕೊಡೋದು. ಅದನ್ನ ಮಾರಾಕೆ ಮನಸ್ಸು ಬರಲ್ಲ."

"ಹಂಗಾದ್ರೆ ಮಷೀನು ಕನಸಲ್ಲೇ ತುಳಿಯಾನ ಬಿಡ್ರಿ, ದೊಡ್ಡಮ್ಮ," ಅಂದಳು ಹೊಲಿಗೆ ಕಲಿತು ಕೂತಿದ್ದ ರತ್ನ.

ಬಹಳ ಹೊತ್ತು ಮಾತಾಡಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಖಾರ ಮಂಡಕ್ಕಿ ಮಾರುವುದು, ಕೊಂಡವರಿಗೆ ಮಜ್ಜಿಗೆ ಬಿಟ್ಟಿ. ಹೀಗಾದರೆ ಏನು ಉಳಿಯುತ್ತದೆ ಎಂಬ ಅನುಮಾನ ನನಗೆ.

ಮುಂದಿನ ವಾರ ಬಸ್ಸಿಳಿದರೆ ಅವರ ಬುಟ್ಟಿಯ ಸುತ್ತ ಜನ. ಗಂಗಮ್ಮ ನನ್ನ ಕೈಗೂ ಒಂದು ಪೊಟ್ಟಣ ಇಟ್ಟರು. ಎರಡು ಹಿಡಿ ತಿನ್ನುವಷ್ಟರಲ್ಲಿ ಕಣ್ಣಲ್ಲಿ ನೀರು. ಮಜ್ಜಿಗೆ ಕುಡಿದು ತಣ್ಣಗಾದ ಮೇಲೆ ನಾಲಿಗೆ ಮತ್ತೆ ಮಂಡಕ್ಕಿಯನ್ನೇ ಕೇಳಿತು. ಈ ಸಲ ಕಾಸು ಕೊಟ್ಟೇ ಕೊಂಡೆ.

ಮಳೆಗಾಲಕ್ಕೆ ಮೊದಲೇ ಮಷೀನು ಬಂತು. ಮಜ್ಜಿಗೆ ಮಾರಲೊಲ್ಲದ ಆ ಹೆಂಗಸರಿಗೆ, ಖಾರ ಎಷ್ಟು ಹಾಕಬೇಕು ಅನ್ನುವುದರಲ್ಲಿ ಮಾತ್ರ ಯಾವ ಕಟ್ಟುಪಾಡೂ ಇದ್ದಂತಿರಲಿಲ್ಲ.