ಅಪ್ಪ ನನ್ನೊಡನೆ ಕನ್ನಡ ಮಾತಾಡಿದ ದಿನ

ಅಪ್ಪನ ಕಣ್ಣನ್ನು ನಾನು ಎಷ್ಟು ಚೆನ್ನಾಗಿ ನೋಡಿದೆನೆಂದರೆ, ತಲೆಯನ್ನು ನೋಡುವುದೇ ಮರೆತುಹೋಯಿತು. ಅತ್ತಾವರದ ಆಸ್ಪತ್ರೆಯೊಂದರ ಅಪಘಾತ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿರುವವಳು ಹೀಗೆ ಬರೆದುಕೊಳ್ಳುವುದು ಮರ್ಯಾದೆಯ ಸಂಗತಿಯಲ್ಲ. ಆದರೂ ಬರೆಯುತ್ತೇನೆ, ಇನ್ನೊಬ್ಬರ ಮನೆಯಲ್ಲಿ ಹೀಗಾಗಬಾರದು.

ಕೊಟ್ಟಾರದಲ್ಲಿ ಅಪ್ಪನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ. ಒಂದು ಮಧ್ಯಾಹ್ನ ಊಟಕ್ಕೆ ಹೊರಟವರು ಅರ್ಧ ಎಳೆದ ಶಟರಿನಡಿ ನುಸುಳುವಾಗ ಅವಸರದಲ್ಲಿ ತಲೆ ಎತ್ತಿದರು. ಕಬ್ಬಿಣದ ಅಂಚು ಎಡಹುಬ್ಬಿಗೆ ಬಡಿದು ಅಲ್ಲೇ ಕುಸಿದು ಕೂತರಂತೆ. ನಾನು ಮನೆ ಮುಟ್ಟುವಾಗ ರೆಪ್ಪೆ ಊದಿಕೊಂಡು, ಬಿಳಿಗುಡ್ಡೆ ಕೆಂಪಾಗಿತ್ತು. ಊತ ಹೆಚ್ಚಿ ಕಣ್ಣು ಮುಚ್ಚಿಹೋಗುವ ಮೊದಲೇ ನೋಡಬೇಕು. ಬಲಗಣ್ಣು ಮುಚ್ಚಿಸಿ ನನ್ನ ಬೆರಳು ಎಣಿಸಲು ಹೇಳಿದೆ. ಮೇಲೆ, ಕೆಳಗೆ, ಅತ್ತ, ಇತ್ತ ನೋಡಲು ಹೇಳಿದೆ. ಎರಡೆರಡು ಕಾಣುತ್ತದಾ ಎಂದು ಕೇಳಿದೆ. ಟಾರ್ಚ್ ಬಿಟ್ಟಾಗ ಪಾಪೆ ಗುಂಡಗೆ ಕಿರಿದಾಯಿತು. ಅಷ್ಟಕ್ಕೂ ಸಮಾಧಾನವಾಗದೆ ಸಂಜೆಯೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಮೇಲ್ಪದರದ ರಕ್ತ ಅಷ್ಟೇ, ಹೆದರಬೇಡಿ ಎಂದರು.

ತಲೆನೋವು ಉಂಟಾ, ವಾಂತಿ ಬಂದ ಹಾಗೆ ಆಗ್ತದಾ ಎಂದೂ ಕೇಳಿದ್ದೆ. "ದಾಲಾ ಇಜ್ಜಿ" ಅಂದರು. ಮನೆಯಲ್ಲಿ ನಮ್ಮದು ತುಳು. ಎಂತ ಇಲ್ಲ ಎಂದು ಅರ್ಥ. ಅರ್ಥ ಹಾಗಾದರೂ ನಮ್ಮ ಕಡೆ ಅದು ಉತ್ತರವಲ್ಲ, ಬರೀ ರೂಢಿ. ಬೈಕಿನಿಂದ ಬಿದ್ದು ಕಾಲು ಸೊಟ್ಟಗಾದವನೂ ಸ್ಟ್ರೆಚರಿನ ಮೇಲೆ ಅದನ್ನೇ ಹೇಳುತ್ತಾನೆ. ಹಾಗೆ ಹೇಳಿದವನನ್ನು ಎರಡು ಸಲ ನೋಡಿ ಎಂದು ಹೊಸ ಹುಡುಗಿಯರಿಗೆ ಗದರಿಸಿ ಕಲಿಸುವವಳು ನಾನು. ಅಪ್ಪನ ವಿಷಯದಲ್ಲಿ ಒಂದೇ ಸಲಕ್ಕೆ ಒಪ್ಪಿಬಿಟ್ಟೆ. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಅವರು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರು. ಬೇರೆ ಯಾರದಾದರೂ ಅಪ್ಪನಾಗಿದ್ದರೆ ತಲೆಯ ಸ್ಕ್ಯಾನ್ ಮಾಡಿಸದೆ ನಾನು ಬಿಡುತ್ತಿರಲಿಲ್ಲ. ನಮ್ಮಪ್ಪನಲ್ಲವಾ, ಮನೆಯಲ್ಲೇ ನಾನಿದ್ದೇನಲ್ಲ ಎಂದುಕೊಂಡೆ. ಮರುದಿನ ಚಾ ಕುಡಿದು, ಪೇಪರ್ ಓದಿ ಅಂಗಡಿಗೆ ಹೊರಟರು. ನನ್ನ ಕಾವಲು ಅಲ್ಲಿಗೆ ಮುಗಿಯಿತು.

ಆ ಕಪ್ಪುಗಣ್ಣು ಎರಡು ವಾರ ಊರಿಗೆಲ್ಲ ಮನರಂಜನೆ. ಗಿರಾಕಿಗಳು ಕೇಳಿದಾಗೆಲ್ಲ ಅಪ್ಪ "ಹೆಂಡತಿ ಕೊಟ್ಟದ್ದು ಮಾರಾಯ" ಎನ್ನುವುದು, ಮಾತು ಮುಗಿಯುವ ಮೊದಲೇ ತಾವೇ ನಗುವುದು. ಅಮ್ಮನಿಗೆ ಹೊರಗೆ ಮುಖ ತೋರಿಸಲಾಗದ ಹಾಗಾಗಿತ್ತು. ಕೆಂಪು ಇಳಿಯಿತು, ನೀಲಿ ಹಳದಿಯಾಗಿ ಮಾಯವಾಯಿತು. ಗಾಯವೇ ಮುಗಿಯಿತೆಂದು ನಾವೆಲ್ಲ ಲೆಕ್ಕ ಹಾಕಿಕೊಂಡೆವು. ಮೂರನೆಯ ವಾರ ತಲೆನೋವು ಎಂದಾಗ ಕನ್ನಡಕ ಬದಲಿಸಬೇಕು ಎಂದೆ. ಬಲಗೈಯಿಂದ ಲೋಟ ಜಾರಿದಾಗ ಅಮ್ಮ ಬೈದರು. ನಾನು ಅಲ್ಲೇ ಕೂತು ಮೊಬೈಲ್ ನೋಡುತ್ತಿದ್ದೆ.

ನಾಲ್ಕನೆಯ ವಾರದ ಒಂದು ಗುರುವಾರ, ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಯೂನಿಫಾರ್ಮಿನಲ್ಲೇ ಮನೆಗೆ ಬಂದೆ. ಅಪ್ಪ ಜಗಲಿಯ ಕುರ್ಚಿಯಲ್ಲಿದ್ದರು. ನನ್ನನ್ನು ಕಂಡು ಎದ್ದು ನಿಂತರು.

"ಬನ್ನಿ ಸಿಸ್ಟರ್, ಕೂತ್ಕೊಳ್ಳಿ. ಊಟ ಆಯ್ತಾ ನಿಮ್ಮದು?"

ಕನ್ನಡದಲ್ಲಿ, ಬಹುವಚನದಲ್ಲಿ. ಹುಟ್ಟಿದಾಗಿನಿಂದ ಅವರು ನನ್ನ ಹತ್ತಿರ ತುಳು ಬಿಟ್ಟು ಬೇರೆ ಮಾತಾಡಿದವರಲ್ಲ. ಕನ್ನಡ ಏನಿದ್ದರೂ ಬ್ಯಾಂಕಿನವರಿಗೆ, ಶಾಲೆಯ ಮೇಷ್ಟ್ರಿಗೆ, ಆಸ್ಪತ್ರೆಯವರಿಗೆ. ಯೂನಿಫಾರ್ಮ್ ನೋಡಿ ಗೇಲಿ ಮಾಡುತ್ತಿದ್ದಾರೆ ಎಂದು ನಾನೂ "ಆಗ್ಲಿಲ್ಲ ಸಾರ್, ಈಗ ಮಾಡ್ತೇನೆ" ಎಂದು ನಾಟಕ ಆಡಿದೆ. ಕಾಲು ತೊಳೆದು, ಬಂಗುಡೆ ಮೀನಿನ ಸಾರಿನಲ್ಲಿ ಹೊಟ್ಟೆ ತುಂಬ ಉಂಡೆ. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ತಟ್ಟೆ ತೆಗೆಯುವಾಗ ಅಮ್ಮ ಹೇಳಿದರು, "ಬೆಳಿಗ್ಗೆಯಿಂದ ನನ್ನ ಹತ್ರವೂ ಕನ್ನಡವೇ. ಎಂತ ತಮಾಷೆಯಾ ಏನಾ." ಅಮ್ಮನಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ಅವರ ಹತ್ತಿರ ಕನ್ನಡದಲ್ಲಿ ತಮಾಷೆ ಮಾಡಿ ಏನು ಪ್ರಯೋಜನ? ಆಗ ಹೊಳೆಯಿತು, ಅಪ್ಪ ನಕ್ಕಿರಲಿಲ್ಲ.

ಎಂಜಲು ಕೈಯಲ್ಲೇ ಜಗಲಿಗೆ ಓಡಿದೆ. "ಯಾನ್ ಏರ್?" ನಾನು ಯಾರು ಎಂದು ತುಳುವಿನಲ್ಲಿ ಕೇಳಿದೆ. ಅವರು ನನ್ನ ಮುಖವನ್ನು ಮರ್ಯಾದೆಯಿಂದ ನೋಡಿದರು. "ನೀವು ಆಸ್ಪತ್ರೆಯವರಲ್ವಾ" ಎಂದರು. ಕಣ್ಣು ಮುಚ್ಚಿಸಿ, ಅಂಗೈ ಮೇಲೆ ಮಾಡಿ ಎರಡೂ ಕೈ ಮುಂದೆ ಚಾಚಿಸಿದೆ. ಎಡಗೈ ನಿಂತಿತು. ಬಲಗೈ ಮೆಲ್ಲನೆ ತಿರುಗುತ್ತ ಕೆಳಗಿಳಿಯಿತು. ಅದು ಅವರಿಗೆ ಗೊತ್ತಾಗಲಿಲ್ಲ. ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಎರಡೂ ಪಾಪೆ ಸಮ, ಕಣ್ಣು ಚೊಕ್ಕ.

"ಚಾ ಕುಡಿದು ಸ್ವಲ್ಪ ಮಲಗಲಿ, ಸಂಜೆ ಹೋಗುವ" ಎಂದರು ಅಮ್ಮ. ಮಲಗಿಸುವುದು ಬೇಡವೇ ಬೇಡ ಎಂದೆ. ಅಮ್ಮನ ಮೇಲೆ ಅಷ್ಟು ಜೋರಾಗಿ ನಾನು ಯಾವತ್ತೂ ಕಿರುಚಿರಲಿಲ್ಲ. ರಿಕ್ಷಾದಲ್ಲಿ ಇಬ್ಬರ ನಡುವೆ ಅವರನ್ನು ಕೂರಿಸಿಕೊಂಡು ಅತ್ತಾವರಕ್ಕೆ ಹೊರಟೆವು.

ಡ್ಯೂಟಿಯಲ್ಲಿದ್ದ ಡಾಕ್ಟರ್ ಘಟ್ಟದ ಮೇಲಿನವರು, ಸಣ್ಣ ಪ್ರಾಯ, ತುಳು ಬಾರದು. ಹೆಸರು ಕೇಳಿದರು, ಅಪ್ಪ ಹೇಳಿದರು. ಇದು ಯಾವ ಜಾಗ, ಇವತ್ತು ಯಾವ ವಾರ ಎಂದರು. ಆಸ್ಪತ್ರೆ, ಗುರುವಾರ ಎಂದು ಅಪ್ಪ ಪುಸ್ತಕದ ಹಾಗೆ ಉತ್ತರಿಸಿದರು.

"ಎಲ್ಲ ಸರಿಯಾಗೇ ಹೇಳ್ತಿದ್ದಾರಲ್ಲ ಸಿಸ್ಟರ್. ಹದಿನೈದಕ್ಕೆ ಹದಿನೈದು. ಕೈ ವಯಸ್ಸಿಗೆ ಸ್ವಲ್ಪ ಇಳಿದಿರಬಹುದು. ನಾಳೆ ಓಪಿಡಿಗೆ ಕರ್ಕೊಂಡು ಬನ್ನಿ."

ಹದಿನೈದು ಎಂದರೆ ಎಚ್ಚರಕ್ಕೆ ಕೊಡುವ ಪೂರ್ತಿ ಅಂಕ. "ಡಾಕ್ಟ್ರೇ, ಅಪ್ಪ ಮಗಳ ಹತ್ರ ಕನ್ನಡದಲ್ಲಿ ಮಾತಾಡಿದ್ದಕ್ಕೆ ಎಷ್ಟು ಅಂಕ ಕಳೀತೀರಿ?" ಎಂದು ಕೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಶಟರ್, ರಕ್ತದ ಮಾತ್ರೆ, ಜಾರಿದ ಲೋಟ, ಒಂದೊಂದೇ ಹೇಳಿದೆ. ಸ್ಕ್ಯಾನ್ ಆಗದೆ ನಾನು ಇಲ್ಲಿಂದ ಏಳುವುದಿಲ್ಲ, ಬೇಕಾದರೆ ದೊಡ್ಡ ಡಾಕ್ಟರಿಗೆ ನನ್ನ ಮೇಲೆ ದೂರು ಕೊಡಿ ಎಂದೆ. ಅವರು ನನ್ನ ಮುಖ ನೋಡಿ, ಸ್ಕ್ಯಾನಿಗೆ ಚೀಟಿ ಬರೆದರು. ಒಳ್ಳೆಯ ಹುಡುಗ.

ತಲೆಬುರುಡೆಯೊಳಗೆ ಎಡಭಾಗದಲ್ಲಿ ಮೂರು ವಾರದಿಂದ ಹನಿಹನಿಯಾಗಿ ಕೂಡಿದ ರಕ್ತ, ಬಲಗೈಯನ್ನು ಆಡಿಸುವ ಎಡಮಿದುಳನ್ನು ಪಕ್ಕಕ್ಕೆ ಒತ್ತಿ ನಿಂತಿತ್ತು. ಇನ್ನೊಂದೆರಡು ದಿನ ಬಿಟ್ಟಿದ್ದರೆ ನಿದ್ದೆಯಿಂದ ಏಳುತ್ತಿರಲಿಲ್ಲವೇನೋ. ಮರುದಿನ ಬೆಳಿಗ್ಗೆಯೇ ಬುರುಡೆಗೆ ತೂತು ಮಾಡಿ ತೆಗೆಯುವುದೆಂದು ನಿರ್ಧಾರವಾಯಿತು. ಮಾತ್ರೆಯ ಕಾರಣ ರಕ್ತ ನಿಲ್ಲದೆಯೂ ಹೋಗಬಹುದು ಎಂದು ಎಚ್ಚರಿಸಿ ನನ್ನಿಂದ ಸಹಿ ತೆಗೆದುಕೊಂಡರು.

ಆಪರೇಷನ್ ಥಿಯೇಟರಿನ ಬಾಗಿಲವರೆಗೆ ಟ್ರಾಲಿ ನಾನೇ ತಳ್ಳಿದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು.

"ಎಂತಕ್ಕೆ ಅಳ್ತೀರಿ ಸಿಸ್ಟರ್? ಮನೆಯಲ್ಲಿ ಯಾರಿಗಾದ್ರೂ ಸೌಖ್ಯ ಇಲ್ವಾ?"

"ಅಪ್ಪನಿಗೆ" ಎಂದೆ.

"ಹೆದರ್ಬೇಡಿ, ಗುಣ ಆಗ್ತದೆ" ಎಂದು ಎಡಗೈಯಿಂದ ನನ್ನ ಕೈ ತಟ್ಟಿದರು.

ರಕ್ತ ನಿಂತಿತು. ಮೂರನೆಯ ದಿನ ನಾನು ಯಾರು ಎಂಬ ಅದೇ ಪ್ರಶ್ನೆ ತೆಗೆದಾಗ "ನಿಕ್ಕ್ ಮರ್ಲಾ?" ಎಂದು ಗದರಿದರು. ನಿನಗೆ ಹುಚ್ಚಾ ಎಂದು, ತುಳುವಿನಲ್ಲಿ, ಏಕವಚನದಲ್ಲಿ. ಸೀದಾ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಮುಖ ತೊಳೆದು ಡ್ಯೂಟಿಗೆ ಹೋದೆ. ಅಂದಿನಿಂದ ತಲೆಗೆ ಪೆಟ್ಟಾಗಿ ಬಂದವರ ಮನೆಯವರಲ್ಲಿ ನಾನು ಒಂದು ಪ್ರಶ್ನೆ ಹೆಚ್ಚು ಕೇಳುತ್ತೇನೆ, ಇವರು ನಿಮ್ಮ ಹತ್ತಿರ ಯಾವಾಗಲೂ ಹೀಗೆಯೇ ಮಾತಾಡುವುದಾ ಎಂದು. ಯಾರು ನಕ್ಕರೂ ಬಿಡುವುದಿಲ್ಲ. ಡಾಕ್ಟರುಗಳಿಗೂ ಅಭ್ಯಾಸವಾಗಿದೆ.

ಆ ಎರಡು ದಿನ ಅಪ್ಪನ ನೆನಪಿನಿಂದ ಹೆಚ್ಚುಕಡಿಮೆ ಅಳಿಸಿಹೋಗಿದೆ. ಹೊಲಿಗೆ ಬಿಚ್ಚಿಸಿ ಮನೆಗೆ ಮರಳುವಾಗ ರಿಕ್ಷಾದಲ್ಲಿ ನನ್ನ ಕಡೆ ತಿರುಗಿ, "ಅಲ್ಲಿ ಒಬ್ಬರು ಸಿಸ್ಟರ್ ಇದ್ದರು, ಟ್ರಾಲಿ ತಳ್ಳಿಕೊಂಡು ಅಳುತ್ತಿದ್ದರು, ಪಾಪ. ಅವರ ಅಪ್ಪನಿಗೆ ಸೌಖ್ಯ ಇರಲಿಲ್ಲವಂತೆ. ಈಗ ಹೇಗಿದ್ದಾರೆ ಅಂತ ನೆನಪು ಮಾಡಿ ಕೇಳು" ಎಂದು ತುಳುವಿನಲ್ಲಿ ಹೇಳಿದರು.

"ಕೇಳಿದೆ ಅಪ್ಪ. ಗುಣ ಆಯಿತಂತೆ" ಎಂದೆ.